ಗುರುಶಾಂತಪ್ಪನವರ ಹನ್ನೆರಡು ತಿರುವು

ನಾನು ಮೂವತ್ತಮೂರು ವರ್ಷ ಒಂದು ಕಾರ್ಖಾನೆಯಲ್ಲಿ ಬೇರೆಯವರ ಕೆಲಸ ಅಳೆದು ಸಂಬಳ ತಿಂದವನು. ಕೈಯಲ್ಲಿ ಸ್ಟಾಪ್‌ವಾಚು, ಕಂಕುಳಲ್ಲಿ ರಟ್ಟಿನ ಪ್ಯಾಡು. ಒಂದು ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು, ನಡುವೆ ಬೆವರು ಒರೆಸಿಕೊಳ್ಳಲು ಎಷ್ಟು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಕಾರ್ಮಿಕರು ಬೆನ್ನ ಹಿಂದೆ ‘ಗಡಿಯಾರದ ಚಿದಾನಂದ’ ಎನ್ನುತ್ತಿದ್ದರು. ಅದನ್ನು ಬಿರುದೆಂದೇ ತಿಳಿದಿದ್ದೆ, ಅಷ್ಟು ದಪ್ಪ ಚರ್ಮ ನನ್ನದು. ಈಗ ಬರೆಯುತ್ತಿರುವುದು ನಾನು ಅಳೆದ ಕೊನೆಯ ಮನುಷ್ಯನ ವಿಚಾರ.

ಗುರುಶಾಂತಪ್ಪ ಬನಶಂಕರಿಯ ನಮ್ಮ ಎಂಟು ರಸ್ತೆಗಳಿಗೆ ನೀರು ಬಿಡುತ್ತಿದ್ದವರು. ಗುಬ್ಬಿ ಕಡೆಯವರು. ಹಣೆ ತುಂಬ ವಿಭೂತಿ, ಅಂಗಿಯೊಳಗೆ ಎದೆಯ ಮೇಲೆ ಲಿಂಗದ ಕರಡಿಗೆ, ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಕೀಲಿ. ದಿನ ಬಿಟ್ಟು ದಿನ ಬೆಳಗಿನ ಐದಕ್ಕೆ ಬಂದು, ರಸ್ತೆಯ ಮೇಲಿನ ಸಣ್ಣ ಮುಚ್ಚಳ ಎತ್ತಿ, ಕೀಲಿಯನ್ನು ಗುಂಡಿಗೆ ಇಳಿಸಿ ವಾಲ್ವ್ ತಿರುಗಿಸಿದರೆ ನಮ್ಮ ಸಂಪುಗಳಲ್ಲಿ ನೀರು ಬೀಳುವ ಸದ್ದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದರು, ಅದೂ ಖಾಯಂ ನೌಕರಿಯಲ್ಲ, ಗುತ್ತಿಗೆದಾರನ ಕೈಕೆಳಗೆ.

ನಮ್ಮ ಬಡಾವಣೆ ಇಳಿಜಾರಿನಲ್ಲಿದೆ. ಮೇಲಿನ ರಸ್ತೆಗಳಿಗೆ ನೀರು ಹತ್ತಬೇಕಾದರೆ ವಾಲ್ವನ್ನು ಪೂರ್ತಿ ಇಪ್ಪತ್ತನಾಲ್ಕು ಸುತ್ತು ತಿರುಗಿಸಬೇಕು. ತೀರಾ ಕೆಳಗಿನ ರಸ್ತೆಗೆ ಹನ್ನೆರಡೇ ಸುತ್ತು. ಅದಕ್ಕಿಂತ ಹೆಚ್ಚಾದರೆ ಅಲ್ಲಿನ ಮುದಿ ಪೈಪು ತಡೆಯುವುದಿಲ್ಲ. ಈ ಲೆಕ್ಕ ಯಾವ ಕಡತದಲ್ಲೂ ಇರಲಿಲ್ಲ, ಗುರುಶಾಂತಪ್ಪನವರ ನಾಲಿಗೆಯ ಮೇಲಿತ್ತು. ಅವರು ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಒಂದು ಸುತ್ತಿಗೆ ಒಂದಕ್ಷರ. ಓಂ, ನ, ಮಃ, ಶಿ, ವಾ, ಯ. ಕೆಳಗಿನ ರಸ್ತೆಗೆ ಎರಡು ಸಲ, ಮೇಲಿನದಕ್ಕೆ ನಾಲ್ಕು ಸಲ. ಆ ಹೊತ್ತಿನಲ್ಲಿ ಯಾರು ಕೂಗಿದರೂ ತಲೆ ಎತ್ತುತ್ತಿರಲಿಲ್ಲ.

‘ಒಂದು ಹೂಂ ಅನ್ನೋಕೂ ಆಗಲ್ವೇನ್ರೀ?’ ಎಂದು ಒಮ್ಮೆ ರೇಗಿದ್ದೆ.

‘ಮಧ್ಯ ಮಾತಾಡಿದ್ರೆ ಮಂತ್ರಾನ ಮೊದ್ಲಿಂದ ಹೇಳ್ಬೇಕು ಸಾರ್. ಅರ್ಧಕ್ಕೆ ಬಿಟ್ಟು ಮುಂದಕ್ಕೆ ಹೋಗ್ಬಾರ್ದು. ನಮ್ಮಪ್ಪ ಹಂಗೇ ಕಲಿಸಿರೋದು’ ಎಂದಿದ್ದರು.

ನಾನು ಮನೆಗೆ ಬಂದು ಹೆಂಡತಿ ಶ್ರೀದೇವಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ‘ನಿಮ್ಮ ಸ್ಟಾಪ್‌ವಾಚಿಗಿಂತ ವಾಸಿ’ ಎಂದಳು.

ನಿವೃತ್ತನಾದ ಮೇಲೆ ನಾನು ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದೆ. ಕೆಲಸವಿಲ್ಲದ ಆಚಾರಿ ಮಗನ ಅಂಡು ಕೆತ್ತಿದನಂತೆ. ನನಗೆ ಗುರುಶಾಂತಪ್ಪ ಸಿಕ್ಕಿದರು. ಅವರ ಹತ್ತಿರ ಒತ್ತುವ ಬಟನ್ನಿನ ಹಳೆಯ ಫೋನಿತ್ತು. ನೀರು ಯಾವಾಗ ಬಿಟ್ಟರು, ಯಾವಾಗ ನಿಲ್ಲಿಸಿದರು ಎಂಬುದಕ್ಕೆ ದಾಖಲೆಯೇ ಇಲ್ಲ ಎಂದು ನಾನು ಸಭೆಯಲ್ಲಿ ಕೂಗಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜ್ಯೋತ್ಸವದ ದಿನ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಸ್ಮಾರ್ಟ್‌ಫೋನ್ ಕೈಗಿಟ್ಟೆವು. ‘ಇನ್ನು ನಿಮ್ಮ ಕೆಲಸ ಹೂವೆತ್ತಿದಂಗೆ’ ಎಂದು ಮೈಕಿನಲ್ಲಿ ಹೇಳಿದವನು ನಾನೇ.

ಗುತ್ತಿಗೆದಾರನೂ ಕಾಯುತ್ತಿದ್ದವನಂತೆ ಅದೇ ಫೋನಿಗೆ ತನ್ನದೊಂದು ಆ್ಯಪ್ ಹಾಕಿಸಿದ. ವಾಲ್ವ್ ತೆಗೆಯುವ ಮುಂಚೆ ಒಂದು ಫೋಟೋ, ತೆಗೆದ ಮೇಲೆ ಒಂದು, ನಿಲ್ಲಿಸಿದಾಗ ಇನ್ನೊಂದು. ಸಾರ್ವಜನಿಕರ ಕರೆಯನ್ನು ಮೂರನೆಯ ರಿಂಗಿನೊಳಗೆ ಎತ್ತಬೇಕು, ಇಲ್ಲವಾದರೆ ನೋಟಿಸು. ಇದರ ಮೇಲೆ ನಮ್ಮ ಎಂಟು ರಸ್ತೆಗಳ ವಾಟ್ಸ್‌ಆ್ಯಪ್ ಗುಂಪು. ಅಡ್ಮಿನ್ ಯಾರೆಂದು ಹೇಳಬೇಕಾಗಿಲ್ಲ.

ಸುಳ್ಳು ಹೇಳಬಾರದು, ಉಪಯೋಗವೂ ಆಯಿತು. ಎಲ್ಲೋ ಪೈಪು ಒಡೆದರೆ ಫೋಟೋ ನೋಡಿ ರಿಪೇರಿಯವರು ಅದೇ ದಿನ ಬರುತ್ತಿದ್ದರು. ಮೊದಲಾದರೆ ವಾರ ಹಿಡಿಯುತ್ತಿತ್ತು. ಆದರೆ ನನ್ನ ಚಟ ಹೋಗಬೇಕಲ್ಲ. ಒಂದು ಬೆಳಿಗ್ಗೆ ವಾಕಿಂಗ್ ನೆಪ ಮಾಡಿಕೊಂಡು ಅವರ ಹಿಂದೆಯೇ ಹೋಗಿ ಸ್ಟಾಪ್‌ವಾಚು ಒತ್ತಿದೆ. ಹತ್ತೊಂಬತ್ತು ವಾಲ್ವ್ ತೆಗೆಯಲು ಮೊದಲು ಅವರಿಗೆ ಒಂದು ಗಂಟೆ ಹತ್ತು ನಿಮಿಷ ಸಾಕಾಗುತ್ತಿತ್ತು. ಈಗ ಎರಡು ಗಂಟೆ ಆಯಿತು. ಕೆಸರು ಕೈ ಪ್ಯಾಂಟಿಗೆ ಒರೆಸಿ, ಫೋನ್ ತೆಗೆದು, ನೆಟ್‌ವರ್ಕ್ ಹುಡುಕಿ, ಫೋಟೋ ಹೋಗುವ ತನಕ ನಿಂತು, ಅಷ್ಟರಲ್ಲಿ ಬಂದ ಕರೆಗೆ ಉತ್ತರ ಕೊಟ್ಟು, ಮತ್ತೆ ಕೀಲಿ ಹಿಡಿಯಬೇಕು. ಮೂವತ್ತಮೂರು ವರ್ಷದ ಅನುಭವದಲ್ಲಿ ಇಷ್ಟು ಸ್ಪಷ್ಟವಾದ ನಷ್ಟವನ್ನು ನಾನು ಕಂಡಿರಲಿಲ್ಲ. ಆ ಹಾಳೆಯನ್ನು ಮಡಿಸಿ ಬೀರುವಿನಲ್ಲಿಟ್ಟೆ. ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಫೋನ್ ಕೊಡಿಸಿದ ಕೀರ್ತಿ ಏನಾಗಬೇಕು?

ಮರುವರ್ಷ ಒಂದು ಸುದ್ದಿ ಬಂತು. ಗುತ್ತಿಗೆಯಲ್ಲಿದ್ದ ಹಳಬರಲ್ಲಿ ನಮ್ಮ ಭಾಗದಿಂದ ಮೂವರನ್ನು ದೀಪಾವಳಿಯೊಳಗೆ ಖಾಯಂ ಮಾಡುತ್ತಾರಂತೆ. ಪಟ್ಟಿಯಲ್ಲಿ ಗುರುಶಾಂತಪ್ಪನವರದೇ ಮೊದಲ ಹೆಸರು. ಅವರ ಹೆಂಡತಿ ಸರ್ವಮಂಗಳಾ ಮಂಡಿ ಸವೆದು ಮೆಟ್ಟಿಲು ಹತ್ತಲಾರದೆ ಎರಡು ವರ್ಷವಾಗಿತ್ತು. ಖಾಯಂ ಆದರೆ ಆಪರೇಷನ್ನಿನ ಖರ್ಚು ಇಲಾಖೆಯೇ ನೋಡಿಕೊಳ್ಳುತ್ತದೆ ಎಂದು ಗಂಡ ಹೆಂಡತಿ ಕಾದು ಕೂತಿದ್ದರು. ‘ಇಪ್ಪತ್ತೆರಡು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲ ಸಾರ್, ಇನ್ನು ಮೂರು ತಿಂಗಳು ಶಿವ ಕಾಪಾಡಿದ್ರೆ ಸಾಕು’ ಎಂದು ನನ್ನ ಗೇಟಿನ ಮುಂದೆಯೇ ಹೇಳಿದ್ದರು.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ನನ್ನ ತಂಗಿಯ ಸಂಸಾರ ಹಿಂದಿನ ದಿನವೇ ಬಂದು ತೊಟ್ಟಿ ಬರಿದು ಮಾಡಿತ್ತು. ಮನೆಯಲ್ಲಿ ಏಳು ಜನ ಸ್ನಾನಕ್ಕೆ ಸಾಲುಗಟ್ಟಿ ನಿಂತಿದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐದೂವರೆಯಿಂದಲೇ ನೀರೆಲ್ಲಿ, ನೀರೆಲ್ಲಿ ಎಂಬ ಗಲಾಟೆ. ಆರು ಗಂಟೆಯಾದರೂ ನಮ್ಮ ರಸ್ತೆಯ ಫೋಟೋ ಬಂದಿರಲಿಲ್ಲ. ಗುರುಶಾಂತಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಮೂರನೆಯ ಸಲ ಎತ್ತಿದರು.

‘ಏನ್ರೀ, ಎಷ್ಟು ಸಲ ಮಾಡ್ಬೇಕು? ನಮ್ಮ ರೋಡಿನ ಫೋಟೋ ಎಲ್ಲಿ?’

‘ಕೆಳಗಿನ ರೋಡಲ್ಲಿ ವಾಲ್ವ್ ತಿರುಗಿಸ್ತಾ ಇದೀನಿ ಸಾರ್. ಇದಾದ್ಮೇಲೆ ನಿಮ್ದೇ…’

‘ಕಥೆ ಹೇಳ್ಬೇಡಿ. ನಿಮಗೆ ಫೋನ್ ಕೊಟ್ಟಿದ್ದು ಶೋಕಿಗಲ್ಲ. ಬೇಡ ಅಂದ್ರೆ ವಾಪಸ್ ಕೊಡಿ, ಬೇರೆಯವ್ರನ್ನ ಹಾಕಿಸ್ತೀವಿ.’

ಹೀಗೇ ಎರಡು ನಿಮಿಷ ಬಾಯಿಗೆ ಬಂದದ್ದು ಹೇಳಿದೆ. ಅವರು ‘ಆಯ್ತು ಸಾರ್, ಆಯ್ತು ಸಾರ್’ ಎನ್ನುತ್ತಿದ್ದರು.

ಫೋನ್ ಬರುವ ಹೊತ್ತಿಗೆ ಅವರು ಹತ್ತು ಸುತ್ತು ತಿರುಗಿಸಿಯಾಗಿತ್ತು. ಮಾತಾಡಿದ ಮೇಲೆ ಅಪ್ಪ ಕಲಿಸಿದಂತೆ ಓಂಕಾರದಿಂದ ಮತ್ತೆ ಹಿಡಿದರು. ಬೇರೆ ದಿನವಾದರೆ ವಾಲ್ವನ್ನೂ ಮುಚ್ಚಿ ಮೊದಲಿಂದ ತಿರುಗಿಸುತ್ತಿದ್ದರು, ಅವತ್ತು ಗಾಬರಿಯಲ್ಲಿ ಮರೆತರು. ಮಂತ್ರ ಮೊದಲಿಗೆ ಹೋಯಿತು, ವಾಲ್ವ್ ಹೋಗಲಿಲ್ಲ. ಹತ್ತರ ಮೇಲೆ ಹನ್ನೆರಡು, ಒಟ್ಟು ಇಪ್ಪತ್ತೆರಡು ಸುತ್ತು. ಫೋಟೋ ತೆಗೆದು ಕಳಿಸಿ, ನನ್ನ ಬೈಗುಳಕ್ಕೆ ಹೆದರಿ ನಮ್ಮ ರಸ್ತೆಗೆ ಓಡಿ ಬಂದರು. ನಮ್ಮ ಮನೆಗೆ ನೀರು ಬಂತು. ಅದೇ ಹೊತ್ತಿಗೆ ಕೆಳಗಿನ ರಸ್ತೆಯ ಪೈಪು ಒಡೆಯಿತು.

ನೀರು ನುಗ್ಗಿದ್ದು ನೆಲಮಾಳಿಗೆಯಲ್ಲಿ ರೊಟ್ಟಿ, ಹೋಳಿಗೆ ಮಾಡಿ ಮಾರುತ್ತಿದ್ದ ಲಕ್ಕವ್ವನ ಅಂಗಡಿಗೆ. ಬಾಗಲಕೋಟೆ ಕಡೆಯ ಹೆಂಗಸು. ಹಬ್ಬಕ್ಕೆಂದು ಮಾಡಿಟ್ಟ ಹೂರಣ, ಮೂರು ಚೀಲ ಜೋಳದ ಹಿಟ್ಟು, ಎಲ್ಲ ನೀರುಪಾಲು. ‘ಹಬ್ಬದ ದಿನಾನ ನನ್ನ ಹೊಟ್ಟಿ ಮ್ಯಾಲೆ ಹೊಡದ್ರಲ್ಲೋ ಯಪ್ಪಾ, ಎಲ್ಲಾ ರಾಡಿ ಆತಲ್ಲೋ’ ಎಂದು ಮೊಣಕಾಲುದ್ದದ ನೀರಿನಲ್ಲಿ ನಿಂತು ಅಳುತ್ತಿದ್ದಳು. ಚೀಲ ಎತ್ತಲು ಕೈ ಕೊಟ್ಟವರು ಇಬ್ಬರು. ವಿಡಿಯೋ ಮಾಡಿದವರು ಹದಿನೈದು ಜನ. ಎಂಟು ಗಂಟೆಗೆಲ್ಲ ಅದು ‘ನೀರು ಬಿಡುವವನ ಬೇಜವಾಬ್ದಾರಿ’ ಎಂಬ ಹೆಸರಿನಲ್ಲಿ ಊರೆಲ್ಲ ಸುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹತ್ತು ಗಂಟೆಗೆ ಇಲಾಖೆಯ ಇಂಜಿನಿಯರ್ ಲಿಖಿತಾ ಬಂದರು. ಚಿಕ್ಕ ವಯಸ್ಸಿನವರು, ಒರಟರಲ್ಲ. ಆ್ಯಪ್ ತೆಗೆದು ನೋಡಿದರು. ಜಾಗ ಸರಿ, ಸಮಯ ಸರಿ, ಫೋಟೋ ಸರಿ. ಎಲ್ಲದರ ಮುಂದೆ ಹಸಿರು ಗುರುತು.

‘ಎಷ್ಟು ಸುತ್ತು ಬಿಟ್ರಿ?’

‘ಲೆಕ್ಕ ತಪ್ಪೋಯ್ತು ಮೇಡಂ. ಮಧ್ಯ ಒಂದು ಫೋನ್ ಬಂತು.’

‘ಯಾರದ್ದು?’

ಸಂಘದ ಪರವಾಗಿ ನಾನು ಅಲ್ಲೇ ನಿಂತಿದ್ದೆ, ಅವರಿಂದ ಒಂದು ಮಾರು ದೂರದಲ್ಲಿ. ಗುರುಶಾಂತಪ್ಪ ನನ್ನ ಕಡೆ ನೋಡಲಿಲ್ಲ. ‘ಯಾರೋ ಪಬ್ಲಿಕ್ಕು ಮೇಡಂ’ ಎಂದರು.

ಲಿಖಿತಾ ನಮ್ಮೆಲ್ಲರ ಕಡೆ ತಿರುಗಿದರು. ‘ನೋಡಿ, ಇದು ನಿರ್ಲಕ್ಷ್ಯ ಅಂತ ಹೋದ್ರೆ ಇವ್ರ ಹೆಸ್ರು ಖಾಯಂ ಪಟ್ಟಿಯಿಂದ ಹೋಗತ್ತೆ. ಆ ಟೈಮಲ್ಲಿ ಕಾಲ್ ಮಾಡಿದವ್ರು, ಕೆಲಸ ಮಧ್ಯ ನಿಂತಿತ್ತು ಅಂತ ಬರೆದುಕೊಟ್ರೆ ಬೇರೆ ತರ ಬರೀಬೋದು. ಸಾಯಂಕಾಲ ಆರರವರೆಗೂ ಆಫೀಸಲ್ಲಿರ್ತೀನಿ.’

ನಾನು ನನ್ನ ಫೋನ್ ತೆಗೆದು ಏನೋ ಮುಖ್ಯವಾದದ್ದನ್ನು ನೋಡುವವನಂತೆ ನೋಡಿದೆ. ನಾನು ಹೆದರಿದ್ದು ಯಾವುದಕ್ಕೆ? ಕೆಳಗಿನ ರಸ್ತೆಯವರು ಮುಖಕ್ಕೆ ಉಗಿಯುತ್ತಾರೆಂದು. ನಾನೇ ಕಟ್ಟಿದ ಗುಂಪಿನಲ್ಲಿ ನನ್ನದೇ ವಿಡಿಯೋ ಓಡಾಡುತ್ತದೆಂದು. ಅಷ್ಟೇ. ಒಬ್ಬ ಮನುಷ್ಯನ ಇಪ್ಪತ್ತೆರಡು ವರ್ಷದ ಎದುರಿಗೆ ನನ್ನದು ಇಷ್ಟೇ ಇತ್ತು. ಮನೆಗೆ ಬಂದು ಒಂದು ಪತ್ರ ಬರೆದೆ, ನಾಲ್ಕು ಸಾಲು. ಹಬ್ಬದೂಟ ಮಾಡಿದೆ. ಪತ್ರ ಕೊಡಲಿಲ್ಲ.

ಪಟ್ಟಿಯಿಂದ ಹೆಸರು ಹೋಯಿತು. ಗುತ್ತಿಗೆದಾರ ಕೆಲಸದಿಂದಲೂ ತೆಗೆದ. ಹೊಸಬ ಬಂದ. ಫೋನಿನಲ್ಲಿ ಬಲು ಚುರುಕು, ಫೋಟೋ ಒಂದೂ ತಪ್ಪುವುದಿಲ್ಲ. ನಮ್ಮ ರಸ್ತೆಗೆ ಈಗ ಅರ್ಧ ಸಂಪು ನೀರು ಬರುತ್ತದೆ, ಮಿಕ್ಕಿದ್ದಕ್ಕೆ ಟ್ಯಾಂಕರ್. ಗುತ್ತಿಗೆದಾರನ ವರದಿಯಲ್ಲಿ ನಮ್ಮ ಬಡಾವಣೆಯ ಸಾಧನೆ ನೂರಕ್ಕೆ ನೂರು ಎಂದು ಮೊನ್ನೆ ಯಾರೋ ಗುಂಪಿನಲ್ಲಿ ಹಾಕಿದ್ದರು. ಕೆಳಗೆ ಇಪ್ಪತ್ತು ಜನ ಹೆಬ್ಬೆರಳು ಎತ್ತಿದ್ದರು.

ಯುಗಾದಿ ಕಳೆದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ಅರೆಕೆರೆಗೆ ಹೋದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀಲಿ ಸಮವಸ್ತ್ರ ಹಾಕಿಕೊಂಡು ಗುರುಶಾಂತಪ್ಪ ಕುಳಿತಿದ್ದರು. ನನ್ನನ್ನು ಕಂಡು ಎದ್ದರು.

‘ಚೆನ್ನಾಗಿದೀರಾ ಸಾರ್? ಮೇಡಂ ಚೆನ್ನಾಗಿದಾರಾ?’

‘ಸರ್ವಮಂಗಳಮ್ಮನ ಮಂಡಿ ಹೇಗಿದೆ?’ ಎಂದು ಕೇಳಿಬಿಟ್ಟೆ. ಕೇಳುವ ಯೋಗ್ಯತೆ ನನಗಿರಲಿಲ್ಲ.

‘ಆಪರೇಷನ್ ಆಗ್ಲಿಲ್ಲ, ಈಗ ಕೋಲು ಹಿಡ್ಕೊಂಡು ಓಡಾಡ್ತಾಳೆ ಸಾರ್.’

‘ಗುರುಶಾಂತಪ್ಪನವರೇ, ಅವತ್ತು ಫೋನ್ ಮಾಡಿದ್ದು…’

‘ನೀವೇ ಸಾರ್. ಫೋನಲ್ಲಿ ನಿಮ್ಮ ಹೆಸ್ರು ಹಂಗೇ ಇತ್ತಲ್ಲ.’

‘ಮತ್ತೆ ಇಂಜಿನಿಯರಿಗೆ ಯಾಕೆ ತೋರಿಸ್ಲಿಲ್ಲ?’

‘ಇಪ್ಪತ್ತೆರಡು ವರ್ಷ ನೀರು ಬಿಟ್ಟ ಮನೆ. ಅದ್ರ ಕಡೆ ಬೆರಳು ತೋರ್ಸೋಕೆ ಮನಸ್ಸು ಬರ್ಲಿಲ್ಲ ಸಾರ್. ಪಕ್ಕದಲ್ಲೇ ನಿಂತಿದ್ರಿ, ನೀವೇ ಹೇಳ್ತೀರ ಅಂದ್ಕೊಂಡೆ. ಸಾಯಂಕಾಲ ಆಫೀಸ್ ಹತ್ರಾನೇ ಕೂತಿದ್ದೆ. ಇವಳೂ ಬಂದಿದ್ಲು. ಐದು ಗಂಟೆಗೆ ನೀವು ಗೇಟಿನ ತನಕ ಬಂದ್ರಲ್ಲ ಸಾರ್.’

ಹೌದು, ಹೋಗಿದ್ದೆ. ಪತ್ರ ಜೇಬಿನಲ್ಲಿಟ್ಟುಕೊಂಡು ಆ ಆಫೀಸಿನ ಗೇಟಿನವರೆಗೆ ಹೋಗಿ, ಒಳಗೆ ಕೆಳಗಿನ ರಸ್ತೆಯ ನಾಲ್ಕು ಜನ ನಿಂತಿದ್ದನ್ನು ಕಂಡು ಹಿಂದಿರುಗಿದ್ದೆ. ಮೇಲೆ ಬರೆಯುವಾಗ ಅದನ್ನು ಬಿಟ್ಟೆ. ನಿಮ್ಮ ಮುಂದೆಯೂ ಮುಚ್ಚಿಡುವ ಆಸೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

‘ನೀವು ಬಂದಿದ್ದು ಕಂಡು ಇವಳಿಗೆ ಹೇಳ್ದೆ ಸಾರ್’ ಎಂದರು ಗುರುಶಾಂತಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಚಿದಾನಂದ್ ಸಾರ್ ಬಂದ್ರು ನೋಡು, ಇನ್ನು ಚಿಂತೆ ಇಲ್ಲ ಅಂತ. ಅವಳು ನಿಮಗೆ ಕೈ ಮುಗಿಯೋಣ ಅಂತ ಗೋಡೆ ಹಿಡ್ಕೊಂಡು ಎದ್ದು ನಿಂತ್ಲು.’