ರಕ್ತಕ್ಕೆ ಗೊತ್ತಿಲ್ಲದ ಹಾಲು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರು ಮಂಗಳೂರಿನದು. ಪ್ರತಿವರ್ಷ ಊರಿಂದ ಬರುವ ಯಾರದೋ ಚೀಲದಲ್ಲಿ, ಹಪ್ಪಳಕ್ಕೂ ಕುಚ್ಚಲಕ್ಕಿಗೂ ನಡುವೆ ಸುರುಳಿಯಾಗಿ ಮದೀನಾಕ್ಕೆ ಬಂದಿಳಿಯುತ್ತದೆ. ಅದರ ಚೌಕಗಳಲ್ಲಿ ಗ್ಯಾಸು ಬದಲಿಸಿದ್ದು, ನೀರಿನ ಟ್ಯಾಂಕರು ಬಂದದ್ದು, ಇಲ್ಲಿ ನೆಲೆಸಲು ಬೇಕಾದ ಇಕಾಮಾ ಪರವಾನಗಿಯ ಅವಧಿ ಮುಗಿಯುವುದು, ಮಕ್ಕಳ ಜ್ವರ ಇಳಿದದ್ದು, ಎಲ್ಲವನ್ನೂ ಗೀಚಿಡುವುದು ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ನನಗಂಟಿದ ಚಾಳಿ. ವರ್ಷ ಮುಗಿದರೂ ಎಸೆಯಲು ಮನಸ್ಸಾಗದೆ ಕಪಾಟಿನ ಮೇಲಿನ ಸೂಟ್‌ಕೇಸಿಗೆ ಸೇರಿಸುತ್ತೇನೆ. ನಮ್ಮವರು ಆ ಸೂಟ್‌ಕೇಸನ್ನು ‘ತಾಲೂಕು ಕಚೇರಿ’ ಎಂದು ಕರೆಯುತ್ತಾರೆ. ಕರೆಯಲಿ. ಕಚೇರಿ ಒಂದು ದಿನ ಬಾಗಿಲು ತೆರೆಯಬೇಕಾಯಿತು, ಆ ಕತೆಯನ್ನೇ ನಿಮಗೆ ಹೇಳಹೊರಟಿದ್ದೇನೆ.

ಗೋಡೆಯಾಚೆಯ ಮನೆ ಝೊಹರಾಳದು. ಭಟ್ಕಳದ ಅವಳ ನವಾಯತಿ ನನಗೆ ಬಾರದು, ನನ್ನ ಬ್ಯಾರಿ ಅವಳಿಗೆ ಬಾರದು. ಹಾಗಾಗಿ ಇಪ್ಪತ್ತೈದು ವರ್ಷಗಳ ನಮ್ಮ ಗೆಳೆತನವೆಲ್ಲ ನಡೆದದ್ದು ಕನ್ನಡದಲ್ಲಿ. ಈ ವರ್ಷ ಅವಳು ತನ್ನ ಮಗ ನೌಫಲನಿಗೆ ನನ್ನ ಮಗಳು ಸಫಾಳನ್ನು ಕೇಳಿದಳು. ಊರಿನಲ್ಲಾಗಿದ್ದರೆ, ಪಂಗಡ ಬೇರೆಯೆಂದು ಎರಡೂ ಕಡೆಯವರು ಹುಬ್ಬೇರಿಸುತ್ತಿದ್ದ ಸಂಬಂಧ. ಒಂದೇ ಗೋಡೆ ಹಂಚಿಕೊಂಡವರಿಗೆ ಇಲ್ಲಿ ಸಹಜವಾಗಿಯೇ ಕಂಡಿತು. ಸಫಾ ತಲೆ ತಗ್ಗಿಸಿ ‘ಹೂಂ’ ಅಂದಳು. ತಲೆ ತಗ್ಗಿಸುವ ಹುಡುಗಿಯೇ ಅಲ್ಲ ಅವಳು, ಆದ್ದರಿಂದ ನನಗೆ ಅರ್ಥವಾಯಿತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆಕೆ ಮದುವೆಗೆ ಮುಂಚಿನ ರಕ್ತಪರೀಕ್ಷೆಯನ್ನು ಇಬ್ಬರಿಗೂ ಮಾಡಿಸಿ, “ಎರಡೂ ಪಾಸು ಉಮ್ಮಾ. ಯಲ್ಲಾ, ಬಿರಿಯಾನಿಗೆ ಹೇಳಿ” ಎಂದು ಕಾಗದ ಬೀಸುತ್ತ ಬಂದಳು.

ಅಂದಿನ ಸಂಜೆಯ ಚಹಾಕ್ಕೆ ಅವಳು ಯಹೂದಿ ಪುರೋಹಿತರ ಮಾತು ತೆಗೆದಳು. ಅವರಲ್ಲಿ ಪೌರೋಹಿತ್ಯ ಓದಿ ಪಡೆಯುವಂಥದ್ದಲ್ಲವಂತೆ. ಮೂಸಾ ನಬಿಯವರ ಅಣ್ಣ ಹಾರೂನರಿಂದ ಹಿಡಿದು ತಂದೆಯಿಂದ ಮಗನಿಗೆ ಇಳಿದು ಬಂದದ್ದು. ಗಂಡುಮಕ್ಕಳಿಗೆ ತಂದೆಯಿಂದ ಮಾತ್ರ ಸಿಗುವ ವೈ ಎಂಬ ವರ್ಣತಂತುವೂ ಅದೇ ದಾರಿಯಲ್ಲಿ ನಡೆಯುವುದರಿಂದ, ವಿಜ್ಞಾನಿಗಳು ದೇಶದೇಶಗಳಲ್ಲಿ ಚದುರಿಹೋದ ಆ ಮನೆತನದವರನ್ನು ಪರೀಕ್ಷಿಸಿದರಂತೆ. ಒಬ್ಬರ ಮುಖ ಒಬ್ಬರು ನೋಡಿರದ ಎಷ್ಟೋ ಜನರಲ್ಲಿ ಒಂದೇ ಬಗೆಯ ಗುರುತುಗಳು ಕಂಡವಂತೆ.

“ಹಾಗಾದರೆ ಸೂಜಿ ಚುಚ್ಚಿದರೆ ಪುರೋಹಿತ ಯಾರೆಂದು ಗೊತ್ತಾಗುತ್ತದಾ?” ಎಂದೆ.

“ಅದೇ ಇಲ್ಲ ಉಮ್ಮಾ. ಗುರುತು ಇಲ್ಲದ ಪುರೋಹಿತರೂ ಇದ್ದಾರೆ. ಪುರೋಹಿತರಲ್ಲದವರಲ್ಲಿ, ಇಲ್ಲಿನ ಅರಬರಲ್ಲೂ ಅಂಥದೇ ಗುರುತು ಸಿಗುತ್ತದೆ. ಲ್ಯಾಬು ‘ಇರಬಹುದು’ ಅನ್ನುತ್ತದೆ ಅಷ್ಟೇ. ‘ಹೌದು’ ಅನ್ನಬೇಕಾದರೆ ಮನೆಯವರು ಹೇಳಿಕೊಂಡು ಬಂದಿರಬೇಕು, ಎಲ್ಲೋ ಬರೆದಿಟ್ಟಿರಬೇಕು, ಅಜ್ಜನ ಗೋರಿಯ ಮೇಲೆ ಆಶೀರ್ವಾದದ ಕೈಗಳನ್ನು ಕೆತ್ತಿಸಿರಬೇಕು. ಅವರೂ ನಿಮ್ಮ ಹಾಗೇ, ತಾಲೂಕು ಕಚೇರಿಯವರು!”

ನಗು ಬಂತು. ಆದರೆ ಅವಳು ಹೇಳಿದ ಇನ್ನೊಂದು ಸಂಗತಿ ಪಾತ್ರೆ ತೊಳೆಯುವಾಗಲೂ ಬೆನ್ನುಬಿಡಲಿಲ್ಲ. ಯಾವುದೋ ಪುರಾತನ ಕಾಲದಲ್ಲಿ ಸೆರೆಯಿಂದ ಬಿಡುಗಡೆಯಾಗಿ ಊರಿಗೆ ಮರಳಿದ ಕೆಲವು ಮನೆಯವರು, ತಾವು ಪುರೋಹಿತರೆಂದು ಎಷ್ಟು ಹೇಳಿದರೂ ವಂಶದ ಪಟ್ಟಿಯಲ್ಲಿ ಹೆಸರು ಸಿಗದೆ ದೇವಾಲಯದ ಸೇವೆಯಿಂದ ಹೊರಗುಳಿದರಂತೆ. ಪಾಪ, ಮೈಯಲ್ಲಿ ಹರಿಯುತ್ತಿದ್ದ ರಕ್ತ ಅವರ ಪರವಾಗಿ ಒಂದು ಮಾತೂ ಆಡಲಿಲ್ಲ. ನಾವಿರುವ ಈ ಊರಿನಲ್ಲೇ ಒಂದು ಕಾಲಕ್ಕೆ ಪುರೋಹಿತ ಕುಲಗಳೆನಿಸಿಕೊಂಡ ಯಹೂದಿಗಳಿದ್ದರು ಎನ್ನುತ್ತಾರೆ. ಅವರೂ ಹೀಗೆ ಹೆಸರಿಗೆ ಹೆಸರು ಪೋಣಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿರಬೇಕು. ತಂದೆಯಿಂದ ಮಗನಿಗೆ ಸಾಗುವ ಆ ಒಂಟಿ ಎಳೆಯಲ್ಲಿ ತಾಯಿಯ ಸುದ್ದಿಯೇ ಇಲ್ಲವಲ್ಲ, ಹೆತ್ತದ್ದು ಹೋಗಲಿ, ಹಾಲೂಡಿಸಿದ್ದು ಯಾವ ಸೂಜಿಗೆ ಸಿಕ್ಕೀತು ಅಂದುಕೊಂಡೆ. ಅಂದುಕೊಂಡದ್ದೇ ಕೈಯ ತಟ್ಟೆ ನೀರಿಗೆ ಜಾರಿತು.

ಏಕೆಂದರೆ ನೌಫಲ್ ಹುಟ್ಟಿದಾಗ ಝೊಹರಾ ಆಪರೇಷನ್ನಾಗಿ ಆಸ್ಪತ್ರೆಯಲ್ಲೇ ಉಳಿದಿದ್ದಳು. ಮಗುವನ್ನು ಅವಳ ಗಂಡ ನನ್ನ ಮಡಿಲಿಗೆ ಹಾಕಿಹೋಗಿದ್ದ. ನನ್ನ ಹಿರಿಮಗ ಅನಸ್ ಆಗ ಮೂರು ತಿಂಗಳವನು, ಸಫಾ ಇನ್ನೂ ಹುಟ್ಟಿರಲಿಲ್ಲ. ನಮ್ಮಲ್ಲಿ ಒಬ್ಬಳ ಹಾಲು ಕುಡಿದ ಮಗು ಅವಳ ಮಕ್ಕಳಿಗೆಲ್ಲ ಒಡಹುಟ್ಟು, ಮದುವೆ ಕೂಡದು, ನಡುವೆ ಪರದೆಯೂ ಬೇಕಿಲ್ಲ. ಕರಾವಳಿಯ ನಾವು ನಡೆಯುವ ಶಾಫಿ ಪದ್ಧತಿಯಲ್ಲಿ ಐದು ಸಲವಾದರೂ ಕುಡಿದಿರಬೇಕು. ಕಡಿಮೆಯಾದರೆ ಬಂಧ ಕೂಡುವುದಿಲ್ಲ. ಒಂದೆರಡು ಸಲ ಕೊಟ್ಟೆ, ಆಮೇಲೆ ಡಬ್ಬದ ಹಾಲು ತಂದರು ಎಂದೇ ನನ್ನ ನೆನಪು. ಝೊಹರಾಳದೂ ಅದೇ.

ಮರುದಿನ ಬೆಳಿಗ್ಗೆ ಸೂಟ್‌ಕೇಸು ಇಳಿಸಿದೆ. ಆ ವರ್ಷದ ಚೌಕಗಳ ತುಂಬ ‘ಎ’, ‘ಬ’ ಎಂಬ ಅಕ್ಷರಗಳು. ಬಾಣಂತಿಯ ಮರೆವಿಗೆ ನಾನು ಹೂಡಿದ್ದ ಉಪಾಯವದು: ಎಡಕ್ಕೆ ಕೊಟ್ಟೆನೋ ಬಲಕ್ಕೋ ಎಂದು ಪ್ರತಿ ಸಲವೂ ಬರೆಯುವುದು. ಎರಡು ದಿನಗಳ ಚೌಕಗಳಲ್ಲಿ ಮಾತ್ರ ಕೆಲವು ಅಕ್ಷರಗಳ ತಲೆಯ ಮೇಲೆ ಪುಟ್ಟ ಚುಕ್ಕಿ. ಪಕ್ಕದ ಮನೆಯ ಮಗುವಿಗೆ ಎಂದು ಗುರುತು. ಎಣಿಸಿದೆ. ಹಿಂದಿನಿಂದ ಮುಂದಕ್ಕೂ ಎಣಿಸಿದೆ. ಏಳು.

ಗೆಳೆಯರೇ, ನಿಮ್ಮಲ್ಲಿ ಮುಚ್ಚಿಡುವುದೇನು, ಆ ಹಾಳೆಯನ್ನು ಹರಿದರೆ ಮುಗಿಯಿತು ಎಂದು ಮನಸ್ಸು ಹೇಳಿತು. ಯಾವ ಪ್ರಯೋಗಾಲಯಕ್ಕೂ ಆ ಏಳು ಚುಕ್ಕಿ ಸಿಗುವುದಿಲ್ಲ. ಮಗಳು ‘ಹೂಂ’ ಅಂದಾಗಿನ ಮುಖ ಹಾಗೇ ಉಳಿಯುತ್ತದೆ. ಪಟ್ಟಿಯಲ್ಲಿ ಹೆಸರು ಸಿಗಲೆಂದು ತಡಕಾಡಿ ಸಿಗದೆಹೋದ ಆ ಹಳೆಯ ಮನೆಯವರು ನೆನಪಾದರು. ನಾನೋ ಸಿಗದಿರಲೆಂದು ಹುಡುಕಿದವಳು, ಸಿಕ್ಕಿಬಿಟ್ಟಿತು. ಹಾಳೆಯನ್ನು ಮಡಚದೆ ಹಾಗೆಯೇ ಹಿಡಿದು ಗೋಡೆಯಾಚೆಗೆ ಹೋದೆ.

ಝೊಹರಾ ಬೆರಳಿಟ್ಟು ಎಣಿಸಿದಳು. “ಹರಿದು ಹಾಕಬಹುದಿತ್ತಲ್ಲ ಮಾರಾಯ್ತಿ.”

“ಕೈ ಬರಲಿಲ್ಲ.”

“ನಿನ್ನ ಕಚೇರಿಗೆ ಬೆಂಕಿ ಬೀಳಲಿ” ಎಂದು ಅತ್ತಳು. ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, “ಏಳು ಸಲವಾ? ಮೂರು ತಿಂಗಳ ಮಗುವನ್ನು ಪಕ್ಕದಲ್ಲಿಟ್ಟುಕೊಂಡು? ಇಷ್ಟು ವರ್ಷ ನಾನು ಡಬ್ಬಕ್ಕೆ ಉಪಕಾರ ಹೇಳಿಕೊಂಡಿದ್ದೆನಲ್ಲ!” ಎಂದು ನನ್ನ ಕೈ ಹಿಡಿದಳು.

ಊರಿನ ಉಸ್ತಾದರಿಗೆ ಫೋನು ಮಾಡಿದ್ದಾಯಿತು. ಅವರೂ ಈ ಮದುವೆ ಕೂಡದೆಂದೇ ಹೇಳಿದರು. ಸಫಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, “ನಮ್ಮ ಲ್ಯಾಬಿನ ಯಂತ್ರ ಎಷ್ಟೋ ವಾಸಿ ಉಮ್ಮಾ, ಅದಕ್ಕೆ ಚುಕ್ಕಿ ಕಾಣುವುದಿಲ್ಲ” ಎಂದು ನನ್ನ ಹೆಗಲಿಗೆ ತಲೆಯಿಟ್ಟಳು. ಆ ತಲೆಯ ಭಾರವನ್ನು ಯಾವ ಚೌಕದಲ್ಲೂ ಬರೆಯಲಿಲ್ಲ.

ತಿಂಗಳುಗಳು ಕಳೆದವು. ಕಳೆದ ಶುಕ್ರವಾರ ಅನಸನನ್ನು ಕಾಣಲು ಬಂದ ನೌಫಲ್ ಬಾಗಿಲು ತಟ್ಟಿ, ಮೀಸೆ ಮೂಡಿದಂದಿನಿಂದ ಕಲಿತ ಹಾಗೆ, ಒಳಗಿನ ಹೆಂಗಸರು ಕಾಣಬಾರದೆಂದು ಮೆಟ್ಟಿಲ ಕಡೆಗೆ ಮುಖಮಾಡಿ ನಿಂತಿದ್ದ. ಬಾಗಿಲು ತೆರೆದವಳು ಸಫಾ, ತಲೆಗೆ ಬಟ್ಟೆಯಿಲ್ಲದೆ. “ಎಂತ ಅಲ್ಲಿ ನಿಂತದ್ದು? ಒಳಗೆ ಬಾ ಮಾರಾಯ, ಮೀನು ತಣಿಯುತ್ತದೆ” ಎಂದಳು. ಹಾಗೆಂದವಳೇ ಇನ್ನೊಂದು ತಟ್ಟೆ ತರಲು ತಿರುಗಿದಳು. ಅವನು ನೆಲ ನೋಡುತ್ತ ಒಳಬಂದು, ಅನಸನ ಪಕ್ಕ ಕೂತು, ಎರಡು ಸಲ ಅನ್ನ ಹಾಕಿಸಿಕೊಂಡ.

ಎಲ್ಲ ತೊಳೆದಿಟ್ಟು ಕ್ಯಾಲೆಂಡರಿನ ಮುಂದೆ ನಿಂತೆ. ಬರೆಯುವ ಚಾಳಿ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಶುಕ್ರ್ ಹೇಳಿದೆ. ಮಗಳಿಗೊಬ್ಬ ಗಂಡನನ್ನು ತಪ್ಪಿಸಿದ ಪೆನ್ನೇ ನನಗೊಬ್ಬ ಮಗನನ್ನು ದಾಖಲೆಸಹಿತ ಕೊಟ್ಟಿತ್ತು. ಅಂದಿನ ಚೌಕದಲ್ಲಿ ‘ನೌಫಲ್ ಊಟಕ್ಕೆ ಬಂದ’ ಎಂದು ಬರೆದು, ಹಳೆಯ ಅಭ್ಯಾಸದಂತೆ ಹೆಸರಿನ ತಲೆಯ ಮೇಲೆ ಚುಕ್ಕಿಯಿಡಲು ಹೋದೆ. ಚುಕ್ಕಿಯೆಂದರೆ ಪಕ್ಕದ ಮನೆಯ ಮಗು ಎಂದಲ್ಲವೇ?

ಇಡಲಿಲ್ಲ.