ಗೂಡಿನಲ್ಲಿದ್ದ ಬಳೆಗಳು

ಸತ್ತವರ ದನಿ ಕೇಳುವುದು, ಸುಳಿವು ಸಿಗುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಕಟ್ಟೆಯ ಮೇಲೆ ಕೂತು ಅಂಥ ಮಾತು ತೆಗೆದರೆ, “ನಿಮಗ ಉಂಡದ್ದು ಅರಗಿಲ್ಲ, ಅಜಿವಾನ ತಿನ್ರಿ” ಎಂದು ನಕ್ಕು ಎದ್ದು ಬರುತ್ತಿದ್ದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಈ ವಿಷಯದಲ್ಲಿ ನನ್ನ ತಲೆ ಗಟ್ಟಿ ಎಂದು ತಿಳಿದಿದ್ದೆ. ಈಗ ಬರೆಯಲು ಕೂತದ್ದು ಸಂತೋಷ ತಡೆಯಲಾರದೆ. ಆದರೆ ಆ ಸಂತೋಷದ ಬುಡದಲ್ಲಿ ಒಂದು ಸದ್ದು ಇದೆ. ಅದನ್ನು ಬಿಟ್ಟು ಹೇಳಲು ಬರುವುದಿಲ್ಲ.

ನನ್ನ ಮೊಮ್ಮಗಳು ಭಾಗ್ಯಶ್ರೀ ಡಾಕ್ಟರ್. ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಅಂಬೆಗಾಲಿಟ್ಟ ಹುಡುಗಿ. ಕೆಲವು ವರ್ಷಗಳ ಹಿಂದೆ ಅವಳು ಟಿಬಿ ಸಂಶೋಧನೆಗೆ ಸೇರಿದಳು. ಬೇರೆ ಬೇರೆ ಊರಿನ ಆಸ್ಪತ್ರೆಗಳು ಕೂಡಿ ಮಾಡುವ ಕೆಲಸ ಅದು. ಹೊಸಬರು ಹಿರಿಯರ ಕೈಕೆಳಗೆ ಕಲಿಯಬೇಕು, ಹಳ್ಳಿಗೆ ಹೋಗಿ ರೋಗಿಗಳಿಗೆ ಎಲ್ಲವನ್ನೂ ತಿಳಿಸಿ ಹೇಳಬೇಕು, ಅವರು ಮನಸಾರೆ ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಬೇಕು. ಅವಳ ಪಾಲಿಗೆ ಬಂದದ್ದು ಕುಂಚಾವರಂ ಕಡೆಯ ಹಳ್ಳಿಗಳು. ಅಲ್ಲಿ ಅರ್ಧ ಮಾತು ತೆಲುಗು. ಅವಳಿಗೆ ತೆಲುಗು ಬಾರದು, ನನ್ನ ತವರು ಅದೇ ಸೀಮೆ. ಹಾಗಾಗಿ ಅವಳಿಗೆ ಕಲಿಸುವ ಹಿರಿಯ ಡಾಕ್ಟರ್ ಮೇಡಂ ಅವರ ಒಪ್ಪಿಗೆ ಪಡೆದು ನಾನೂ ಜೀಪು ಹತ್ತಿದೆ.

ನಾನು ಹೋಗಿ ಕೆಡಿಸಿದ್ದೇ ಹೆಚ್ಚು. ಅವಳು ಒಂದು ಮಾತು ಹೇಳಿದರೆ ನಾನು ನಾಲ್ಕು ಸೇರಿಸುತ್ತಿದ್ದೆ. ಇಕಿ ನನ್ನ ಮೊಮ್ಮಗಳು, ಬಂಗಾರದಂಥಾಕಿ, ಹ್ಞೂಂ ಅನ್ರಿ ಎಂದು ಗಂಟು ಬೀಳುತ್ತಿದ್ದೆ.

“ಆಯಿ, ನೀ ಏನು ನನಗ ವರ ನೋಡ್ಲಿಕ್ಕ ಬಂದೀದೇನು?” ಎಂದು ಭಾಗ್ಯ ಓಣಿಯಲ್ಲೇ ಗದರಿದಳು. “ಒತ್ತಾಯ ಮಾಡಬಾರ್ದು. ಅವರು ಬ್ಯಾಡಂದ್ರ ಬ್ಯಾಡ. ನಾ ಹೇಳಿದ್ದಷ್ಟೇ ಹೇಳು.”

“ಹಂಗಂದ್ರ ಯಾರ್ ಬರ್ತಾರ?”

“ಬರ್ದಿದ್ರ ಇಲ್ಲ.”

ಯಾರೂ ಬರಲೂ ಇಲ್ಲ. ಟಿಬಿ ಎಂಬ ಹೆಸರು ಕೇಳಿದೊಡನೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಆ ದಿನ ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಮುಖ ಬಾಡಿಹೋಗಿತ್ತು. “ಸಂಜೀಗಿ ಮೇಡಂಗ ಹೇಳಿಬಿಡ್ತೀನಿ ಆಯಿ, ಈ ಕೆಲ್ಸ ನನ್ನ ಕೈಲಿ ಆಗಲ್ಲ,” ಎಂದಳು.

ನನ್ನ ಅಕ್ಕ ನೀಲಮ್ಮ ಇದೇ ರೋಗದಲ್ಲಿ ತೀರಿಕೊಂಡವಳು. ಆಗ ನಾನಿನ್ನೂ ಲಂಗ ತೊಡುವ ಹುಡುಗಿ. ಕೆಮ್ಮು ಬಂದಾಗ ಅಕ್ಕ ಕೈ ಎತ್ತಿ ಬಾಗಿಲ ಚೌಕಟ್ಟು ಹಿಡಿಯುತ್ತಿದ್ದಳು. ಸೊರಗಿದ ಕೈ, ಬಳೆಗಳೆಲ್ಲ ಝಲ್ಲನೆ ಮೊಣಕೈಗೆ ಜಾರುತ್ತಿದ್ದವು. ಮೊದಲು ಕೆಮ್ಮು, ಹಿಂದೆಯೇ ಬಳೆ. ಅವಳ ಮುಖ ಮಸುಕಾಗಿದೆ, ಆ ಸದ್ದು ಮಾತ್ರ ಮಸುಕಾಗಿಲ್ಲ.

ಜೀಪಿನ ಕಡೆ ನಡೆಯುತ್ತಿದ್ದಾಗ ಅದೇ ಸದ್ದು ಕೇಳಿತು. ಸುಡುವ ಬಿಸಿಲು, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಬಲಗಡೆಯ ಮನೆಯೊಳಗಿಂದ ಕೆಮ್ಮು, ಹಿಂದೆಯೇ ಝಲ್ಲನೆ ಬಳೆ. ನಾನು ನಿಂತುಬಿಟ್ಟೆ.

“ಕೇಳಸ್ತೇನು?” ಎಂದೆ.

“ಏನದು?” ಎಂದಳು ಭಾಗ್ಯ. ಅವಳಿಗೆ ಏನೂ ಕೇಳಿರಲಿಲ್ಲ.

“ನನಗ ನೀರಡಿಕಿ ಆಗ್ಯಾದ,” ಎಂದು ಆ ಮನೆಯ ಮೆಟ್ಟಿಲು ಹತ್ತಿದೆ. ತುಂಬಿದ ಬಾಟಲಿ ನನ್ನ ಕಂಕುಳಲ್ಲೇ ಇತ್ತು.

ಮನೆಯಲ್ಲಿದ್ದವರು ಅತ್ತೆ ಮತ್ತು ಸೊಸೆ ಲಾವಣ್ಯ, ಇಬ್ಬರೇ. ಕೆಮ್ಮಿದ್ದು ಯಾರು ಎಂದು ಕೇಳಿದೆ. “ಮಾ ಇಂಟ್ಲೊ ಎವರಿಕೀ ದಗ್ಗು ಲೇದಮ್ಮಾ,” ಎಂದಳು ಅತ್ತೆ. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ ಎಂದು. ಸೊಸೆ ಚಿತ್ತಾಪುರದ ಕಡೆಯವಳು, ರೊಟ್ಟಿ ಬಡಿಯುತ್ತಿದ್ದಳು. ನಾವು ಕೂತಷ್ಟು ಹೊತ್ತೂ ಅವಳು ಒಮ್ಮೆಯೂ ಕೆಮ್ಮಲಿಲ್ಲ. ಇಬ್ಬರ ಕೈ ನೋಡಿದೆ. ಅತ್ತೆಯ ಕೈಯಲ್ಲಿ ಹಚ್ಚೆ ಬಿಟ್ಟರೆ ಏನಿಲ್ಲ. ಸೊಸೆಯದೂ ಬರಿಗೈ. ಅವಳ ಬಳೆಗಳು ಗೋಡೆಯ ಗೂಡಿನಲ್ಲಿ, ಅರಿಶಿನದ ಬಟ್ಟಲಿನ ಪಕ್ಕ, ಸುಮ್ಮನೆ ಕೂತಿದ್ದವು.

ನಾನು ಗೂಡನ್ನೇ ನೋಡುತ್ತಿದ್ದುದನ್ನು ಕಂಡು ಭಾಗ್ಯಳೂ ನೋಡಿದಳು.

“ಬಳಿ ಯಾಕ ತೆಗೆದಿಟ್ಟೀದವ್ವಾ?” ಎಂದು ಸೊಸೆಯನ್ನು ಕೇಳಿದಳು.

“ಜಾರಿ ಹಿಟ್ಟಿನಾಗ ಬೀಳ್ತಾವ್ರಿ. ಮದ್ವಿಯಾಗ ಸಾಬೂನು ಹಚ್ಚಿ ಏರ್ಸಿದ್ರು,” ಎಂದು ಲಾವಣ್ಯ ನಕ್ಕಳು.

ಉಣ್ಣುವುದಿಲ್ಲ, ಬರೀ ಫೋನು ನೋಡುತ್ತಾಳೆ ಎಂದು ಅತ್ತೆ ತೆಲುಗಿನಲ್ಲಿ ಗೊಣಗಿದಳು. ಭಾಗ್ಯ ನಗಲಿಲ್ಲ. ಸಂಜೆ ಸಣ್ಣ ಜ್ವರ ಬರುತ್ತದೆಯೇ, ಬೆವರುತ್ತೀಯಾ ಎಂದು ಕೇಳತೊಡಗಿದಳು. ಎಲ್ಲಕ್ಕೂ ಹೌದು. ಇದು ಸಂಶೋಧನೆಯ ಮಾತಲ್ಲ, ಮೊದಲು ತಪಾಸಣೆ ಆಗಲಿ ಎಂದು ಇಬ್ಬರಿಗೂ ತಿಳಿಸಿ ಚಿಂಚೋಳಿಯ ಆಸ್ಪತ್ರೆಗೆ ಕರೆತಂದಳು. ಎಕ್ಸ್‌ರೇ ಆಯಿತು, ಮುಂದಿನ ಪರೀಕ್ಷೆಯೂ ಆಯಿತು. ಟಿಬಿಯೇ. ಕೆಮ್ಮಿಲ್ಲದೆಯೂ ಅದು ಎದೆಯಲ್ಲಿ ಕೂತಿರುತ್ತದಂತೆ.

ಆಮೇಲೆ ಭಾಗ್ಯ ಸಂಶೋಧನೆಯ ವಿಷಯ ಹೇಳಿದಳು. “ನೀ ಬ್ಯಾಡಂದ್ರೂ ಔಷಧ ಸಿಕ್ಕೇ ಸಿಗ್ತದ,” ಎಂದೂ ಹೇಳಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ. ಲಾವಣ್ಯ ಎಲ್ಲ ಕೇಳಿಕೊಂಡು ತಾನಾಗಿಯೇ ಹ್ಞೂಂ ಎಂದಳು. ಭಾಗ್ಯಳಿಗೆ ಸಿಕ್ಕ ಮೊದಲ ಹ್ಞೂಂ ಅದು. ಕೆಲಸ ಬಿಡುವ ಮಾತು ಅವಳು ಮತ್ತೆ ಎತ್ತಲಿಲ್ಲ. ಆ ಮನೆಗೆ ಯಾಕೆ ಹೋದಿರಿ ಎಂದು ಮೇಡಂ ಕೇಳಿದರೆ, “ಆಯಿಗಿ ನೀರಡಿಕಿ ಆಗಿತ್ರಿ,” ಎಂದಳು.

ಲಾವಣ್ಯ ಔಷಧ ಮುಗಿಸಿ ಗುಣವಾದಳು. ಕಳೆದ ತಿಂಗಳು ಚಿತ್ತಾಪುರದ ತವರಿನಲ್ಲಿ ಅವಳ ಕುಬಸ, ಅಂದರೆ ಸೀಮಂತ, ನಡೆಯಿತು. ಭಾಗ್ಯ ಈಗ ಹೊಸ ಡಾಕ್ಟರುಗಳಿಗೆ ಕಲಿಸುತ್ತಾಳೆ. ಕೆಮ್ಮು ಅದೇನು ಅಂತ ಅಷ್ಟೇ ಕೇಳಿ ಸುಮ್ಮನಾಗಬ್ಯಾಡ್ರಿ, ಕೈನೂ ನೋಡ್ರಿ ಎಂದು ಅವರಿಗೆ ಹೇಳುತ್ತಾಳಂತೆ. ಕುಬಸದ ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಬಂದಿದ್ದಳು. ಹಸಿರು ಬಳೆ ಏರಿಸಲು ಬಳೆಗಾರ್ತಿ ಲಾವಣ್ಯಳ ಕೈ ಹಿಚುಕಿದ್ದೇ ಹಿಚುಕಿದ್ದು. ಅವಳು ಚೀರಿದಾಗೆಲ್ಲ ನಾವು ನಕ್ಕಿದ್ದೇ ನಕ್ಕಿದ್ದು. ನಾನಂತೂ ಹೋಳಿಗೆ ಎಷ್ಟು ತಿಂದೆನೋ.

“ಆವತ್ತು ನೀ ಖರೇನ ಕೆಮ್ಮಿರಲಿಲ್ಲೇನು?” ಎಂದು ಲಾವಣ್ಯಳನ್ನು ಕೇಳಿದೆ.

“ಇಲ್ಲ ಆಯಿ, ಯಾಕ ಸುಳ್ಳು ಹೇಳ್ಲಿ?” ಎಂದಳು.

ನಿನ್ನ ಕಿವಿಯೊಳಗಿದ್ದ ಸದ್ದೇ ನಿನಗೆ ಕೇಳಿದ್ದು ಎನ್ನುತ್ತಾಳೆ ಭಾಗ್ಯ. ಇರಬಹುದು. ಆದರೆ ಓಣಿಯ ತುಂಬ ಮನೆಗಳಿದ್ದವು. ಅದೇ ಮನೆಯಿಂದ ಯಾಕೆ ಕೇಳಿತು ಎಂಬುದು ಅವಳಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಹೊರಡುವಾಗ ಲಾವಣ್ಯ ಭಾರದ ಹೊಟ್ಟೆ ಹೊತ್ತು ಬಾಗಿಲಿಗೆ ಬಂದಳು. ಕೈ ಎತ್ತಿ ಚೌಕಟ್ಟು ಹಿಡಿದು ನಿಂತಳು. ನಾನು ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ಹಸಿರು ಬಳೆಗಳು ಹಾಕಿದಲ್ಲೇ ಇದ್ದವು. ಒಂದೂ ಜಾರಲಿಲ್ಲ.