ರಟ್ಟಿನ ಕೆಳಗಿದ್ದ ವರ್ಷ

ಹರಿದ ಪುಸ್ತಕ ಕಂಡರೆ ಸೀತಾರಾಮಪ್ಪನವರ ಕೈ ಸುಮ್ಮನಿರುತ್ತಿರಲಿಲ್ಲ. ಬ್ಯಾಕೋಡಿನಿಂದ ಇನ್ನೂ ಒಳಗೆ, ಹಿನ್ನೀರಿನ ಅಂಚಿನ ಊರೊಂದರ ಗ್ರಂಥಾಲಯವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದವರು. ಮೈದಾ ಕುದಿಸಿ ಅಂಟು ಮಾಡಿ, ದಪ್ಪ ರಟ್ಟು ಕೂರಿಸಿ, ಮೇಲೆ ದುಂಡಗೆ ಪುಸ್ತಕದ ಹೆಸರು ಬರೆಯುತ್ತಿದ್ದರು. ಮೊದಲ ಹಾಳೆ ಸಡಿಲವಾಗಿದ್ದರೆ ಅದನ್ನೂ ರಟ್ಟಿಗೇ ಮೆತ್ತಿಬಿಡುವುದು. ಪುಸ್ತಕ ಅಚ್ಚಾದ ವರ್ಷ ಇರುವುದು ಆ ಹಾಳೆಯಲ್ಲೇ ಎಂಬುದು ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ.

ಕಿಟಕಿ ಪಕ್ಕದ ಕಪಾಟು ಕಾಲೇಜಿಗೆ ಹೋಗುವ ಮಕ್ಕಳದ್ದು. ಸಿಇಟಿಗೆ ಓದುವುದು, ಅರ್ಜಿ ತುಂಬುವುದು, ಹಾಸ್ಟೆಲ್ಲಿನಲ್ಲಿ ಹೊಂದಿಕೊಳ್ಳುವುದು, ಎಲ್ಲದಕ್ಕೂ ಅಲ್ಲಿ ಪುಸ್ತಕವಿತ್ತು. ತಾವು ಹತ್ತನೇ ತರಗತಿಗೇ ನಿಂತವರಾದ್ದರಿಂದ ಆ ಕಪಾಟಿನ ಮೇಲೆ ಅವರಿಗೆ ಭಕ್ತಿಯೇ ಇತ್ತು.

ಕೆರಿಯಮ್ಮನ ಮೊಮ್ಮಗಳು ಸೌಜನ್ಯ ಕೃಷಿ ಪದವಿ ಓದಬೇಕೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕೇ ಬಂತು. ಮುಂದೇನು ಮಾಡಬೇಕೆಂದು ಕೇಳಿದ್ದಕ್ಕೆ ಸೀತಾರಾಮಪ್ಪ ಒಂದು ಕೈಪಿಡಿ ತೆಗೆದು ಕೊಟ್ಟು, ಅದರಲ್ಲಿದ್ದುದನ್ನು ತೋರಿಸಿದರು: ಸೀಟಿಗೆ ಕರೆಪತ್ರ ಮನೆಗೆ ಬರುತ್ತದೆ, ಅದನ್ನು ಹಿಡಿದು ಖುದ್ದಾಗಿ ಹಾಜರಾಗಬೇಕು.

ವಾರ ಬಿಟ್ಟು ಹುಡುಗಿ ಮತ್ತೆ ಬಂದಳು. ಸಾಗರದ ಗೆಳತಿ ಬಿಂದು ಬೇರೆಯೇ ಹೇಳಿದ್ದಳಂತೆ. ಬೇಕಾದ ಕಾಲೇಜುಗಳನ್ನು ಆನ್‌ಲೈನಿನಲ್ಲೇ ಆರಿಸಬೇಕಂತೆ, ಅದಕ್ಕೊಂದು ಕೊನೆಯ ದಿನವೂ ಇದೆಯಂತೆ.

"ಫೋನಲ್ಲಿ ನೂರು ಬರ್ತವೆ. ಅಚ್ಚಾಗಿದ್ದು ಸುಳ್ಳಾಗ್ತದಾ? ಕಾಗ್ದ ಬರ್ತದೆ, ಕಾಯ್ತಾ ಇರು" ಎಂದರು ಸೀತಾರಾಮಪ್ಪ.

ಹುಡುಗಿ ಕಾದಳು. ಕೆರಿಯಮ್ಮ ದಿನಾ ಅಂಚೆಯವನನ್ನು ತಡೆದು ಕೇಳಿದಳು. ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕಾಲ ಮುಗಿದು ಸೇತುವೆಯಾಗಿದೆ, ಸಾಗರಕ್ಕೆ ಹೋಗಿ ವಿಚಾರಿಸಿ ಬರುವುದೇನು ದೊಡ್ಡ ಕೆಲಸವಲ್ಲ. ಆದರೆ ಪುಸ್ತಕವೇ ಹೇಳಿದ ಮೇಲೆ ವಿಚಾರಿಸುವುದೇನಿದೆ? ಕೊನೆಗೂ ಹೋದಾಗ ಕಂಪ್ಯೂಟರ್ ಸೆಂಟರಿನವನು, ಕರೆಪತ್ರದ ಪದ್ಧತಿ ನಿಂತು ಎಷ್ಟೋ ವರ್ಷವಾಯಿತು, ಈ ಸಲದ ಸೀಟು ಹಂಚಿಕೆಯೂ ಮುಗಿಯಿತು ಎಂದ.

ಪುಸ್ತಕ ವಾಪಸು ಕೊಡಲು ಬಂದವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಸೋಮವಾರದಿಂದ ಸಾಗರದ ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದಳು. ಮುಂದಿನ ವರ್ಷ ನೋಡೋಣ ಎನ್ನಲು ಸೀತಾರಾಮಪ್ಪ ಬಾಯಿ ತೆರೆಯುವಷ್ಟರಲ್ಲಿ, ಅಜ್ಜಿ ಗಂಡು ಹುಡುಕುತ್ತಿದ್ದಾಳೆ ಎಂದೂ ಅವಳೇ ಹೇಳಿದಳು.

"ಮಾವ, ನೀವು ಅಂಟಿಸಿದ್ದ ಹಾಳೆ ನೆನೆಸಿ ಬಿಡಿಸಿದೆ. ವರ್ಷ ಮೇಲೆ ದೊಡ್ಡದಾಗಿ ಬರ್ದಿದೀನಿ. ಮುಂದೆ ತಗೊಂಡು ಹೋಗೋರಿಗೆ ಗೊತ್ತಾಗ್ಲಿ."

ರಟ್ಟಿನ ಮೇಲೆ ೨೦೦೪ ಎಂದಿತ್ತು. ಸೌಜನ್ಯ ಹುಟ್ಟಿದ್ದೇ ಅದಾಗಿ ಮೂರು ವರ್ಷಕ್ಕೆ.

ಅವಳು ಹೋದ ಮೇಲೆ ಸೀತಾರಾಮಪ್ಪ ಕಪಾಟಿನ ಮುಂದೆ ನಿಂತರು. ಎಲ್ಲಕ್ಕೂ ಒಂದೇ ರಟ್ಟು, ಎಲ್ಲದರ ಮೇಲೂ ತಮ್ಮದೇ ಅಕ್ಷರ. ಇವನ್ನು ನಂಬಿ ಒಯ್ದ ಮಕ್ಕಳಲ್ಲಿ ಕಾಲೇಜು ಸೇರಿದೆ ಎಂದು ತಿರುಗಿ ಬಂದು ಹೇಳಿದವರು ಒಬ್ಬರೂ ನೆನಪಾಗಲಿಲ್ಲ. ಸೇರಿದ ಖುಷಿಯಲ್ಲಿ ಮರೆತಿರಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದರು.